ಬಿಸಿಲಲ್ಲಿ ಒಂಟಿಯಾಗಿ ಬಿದ್ದ ಚಿಗರಿ (ಕೃಷ್ಣಮೃಗ) ಮರಿಯನ್ನು ಮನೆಗೆ ತರಬೇಕೆ?

ಬೇಸಿಗೆ ಬಂತೆಂದರೆ ರಾಣೆಬೆನ್ನೂರು, ಮುಂಡರಗಿ ಕಡೆಯ ರೈತರು ತಪ್ಪದೆ ಕೇಳುವ ಪ್ರಶ್ನೆ ಇದು: ‘ಹೊಲದಾಗ ಚಿಗರಿ ಮರಿ ಬಿದ್ದೈತ್ರಿ, ತಾಯಿ ಕಾಣವಲ್ತು. ಬಿಸಿಲಿಗೆ ಸತ್ತೀತು, ಮನಿಗೆ ತರ್ಲೇನ್ರಿ?’

ತರಬೇಡಿ. ಬಹಳಷ್ಟು ಸಲ ಆ ಮರಿಗೆ ತಾಯಿ ಇದ್ದೇ ಇರುತ್ತದೆ. ಈದ ಮೊದಲ ದಿನಗಳಲ್ಲಿ ತಾಯಿ ತನ್ನ ಮರಿಯನ್ನು ಹುಲ್ಲಿನಲ್ಲಿ ಬಚ್ಚಿಟ್ಟು ದೂರ ಮೇಯುತ್ತದೆ, ಹಾಲೂಡಿಸಲಷ್ಟೇ ಬಂದು ಹೋಗುತ್ತದೆ. ಅಲುಗದೆ ಮಲಗಿದ ಮರಿ ತೋಳದ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ, ಸ್ನಾಯು ದುಡಿಯದ್ದರಿಂದ ಮೈಯಲ್ಲಿ ಶಾಖವೂ ಹೆಚ್ಚು ಹುಟ್ಟುವುದಿಲ್ಲ.

ದೊಡ್ಡ ಚಿಗರಿ ಬೆಳಿಗ್ಗೆ, ಸಂಜೆ ಮೇದು ನಡುಹಗಲು ಜಾಲಿಯ ನೆರಳು ಹಿಡಿಯುತ್ತದೆ. ತೇಕುವಾಗ ಮೂಗಿನಲ್ಲಿ ತಣಿದ ರಕ್ತವು ಮಿದುಳಿನ ಬುಡದಲ್ಲಿರುವ ಸಣ್ಣ ರಕ್ತನಾಳಗಳ ಬಲೆಯನ್ನು ಸುತ್ತಿ ಹರಿದು, ಮೇಲೇರುವ ಬಿಸಿ ರಕ್ತವನ್ನು ತಂಪು ಮಾಡುತ್ತದೆ. ಮರಿಯ ತೂಕ ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ. ಬಿಸಿಲಿಗೆ ಬೇಗ ಕಾಯುತ್ತದೆ, ಮಳೆಗೆ ನೆನೆದರೆ ಬೇಗ ತಣ್ಣಗಾಗುತ್ತದೆ. ಅದಕ್ಕೆ ನೀರೆಂದರೆ ತಾಯಿಯ ಹಾಲೇ.

ಅಟ್ಟಿಸಿ ಹಿಡಿಯುವುದು ಬಿಸಿಲಿಗಿಂತ ಅಪಾಯ. ಓಟ, ಭಯ ಎರಡೂ ಸೇರಿ ಮೈ ಕಾದು ಸ್ನಾಯು ಒಡೆಯುತ್ತದೆ, ಅದರಿಂದ ಹೊರಬಿದ್ದದ್ದು ಮೂತ್ರಪಿಂಡವನ್ನು ಕೆಡಿಸುತ್ತದೆ. ಅವತ್ತು ಚೆನ್ನಾಗಿ ಕಂಡ ಪ್ರಾಣಿ ಕೆಲವು ದಿನ ಬಿಟ್ಟು ಸಾಯಬಹುದು. ಬಾಟಲಿಯಿಂದ ಬಾಯಿಗೆ ಸುರಿದ ನೀರು ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ.

ನಾಯಿ ಕಟ್ಟಿಹಾಕಿ, ನೂರಿನ್ನೂರು ಮೀಟರ್ ಸರಿದು, ಕತ್ತಲಾಗುವವರೆಗೆ ಬಿಡಿ. ಟ್ರ್ಯಾಕ್ಟರ್ ಹೊಡೆಯುವುದಿದ್ದರೆ ಆ ಜಾಗ ಬಿಟ್ಟು ಹೊಡೆಯಿರಿ. ಕುತ್ತಿಗೆ ನೆಲಕ್ಕೆ ಚಾಚಿ, ಕಿವಿ ಹಿಂದಕ್ಕೆ ಮಡಚಿ, ಕಣ್ಣು ಬಿಟ್ಟುಕೊಂಡು ಮಲಗಿದ್ದರೆ ಮರಿ ಸರಿಯಾಗಿದೆ. ಬಾಯ್ದೆರೆದು ತೇಕುತ್ತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಇರುವೆ ಮುತ್ತಿದ್ದರೆ, ಒಂದೇ ಸಮ ಒದರುತ್ತಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು, ಸಾಕುವಂತಿಲ್ಲ. ಅವರು ಬರುವತನಕ ಎರಡು ಕೋಲಿಗೆ ಗೋಣಿಚೀಲ ಕಟ್ಟಿ ನೆರಳು ಮಾಡಿ, ಕಾಲಿಗೆ, ಹೊಟ್ಟೆಯಡಿಗೆ ಸಾದಾ ನೀರು ಸವರಿ. ಐಸ್ ನೀರು ಹಾಕಬೇಡಿ. ಒದ್ದೆ ಬಟ್ಟೆ ಹೊದಿಸಬೇಡಿ, ಗಾಳಿ ಆಡಬೇಕು.

ಮರಿ ಉಳಿಯಬೇಕೆಂದರೆ ಹಾಲೂಡುವ ತಾಯಿಗೆ ಹತ್ತಿರದಲ್ಲೇ ನೀರು ಸಿಗಬೇಕು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕಿಳಿದ ಚಿಗರಿ ಜಾರಿ ಮೇಲೆ ಹತ್ತಲಾರದು. ಹೊಂಡಕ್ಕೆ ಬೇಲಿ ಹಾಕಿ, ಒಂದು ಬದಿಗೆ ಹಗ್ಗ ಕಟ್ಟಿದ ಹಳೆಯ ಟಯರುಗಳನ್ನು ದಂಡೆಯಿಂದ ತಳದವರೆಗೆ ಇಳಿಬಿಡಿ. ಕುಡಿಯುವ ನೀರನ್ನು ಹೊರಗೆ, ಗೇಣಿಗಿಂತ ಆಳವಿಲ್ಲದ ತೊಟ್ಟಿಯಲ್ಲಿ ಸಂಜೆ ಹೊತ್ತು ತುಂಬಿಸಿಡಿ.