ಜಾಸ್ತಿ ನಯವಾಗಿದ್ದ ಹಿಂದಿನ ಬಾಗಿಲು

ನನ್ನ ಕೆಲಸ ಕಾರು ಫ್ಯಾಕ್ಟರಿಯ ಪೇಂಟ್ ಶಾಪ್‌ನಲ್ಲಿ, ಫಿನಿಶ್ ಅಳೆಯುವುದು. ಮಳೆಗಾಲದಲ್ಲಿ ರಜೆಗೆ ಮಂಗಳೂರಿಗೆ ಬಂದಿದ್ದಾಗ ಭಾವ ಕೂಳೂರಿನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿಟ್ಟಿದ್ದ. ಸಿಲ್ವರ್ ಬಣ್ಣ. "ಒಮ್ಮೆ ಬಂದು ನೋಡು ಮಾರಾಯ, ಪೇಂಟ್ ಕಂಪನಿಯದ್ದೇ ಅಂತೆ" ಅಂದ.

ಪುಣ್ಯಕ್ಕೆ ಕಾರು ಶೆಡ್ ಒಳಗಿತ್ತು. ಮಳೆಗೆ ಒದ್ದೆಯಾದ ಕಾರೆಲ್ಲ ಚೆಂದವೇ, ನೀರು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಇಲ್ಲಿ ಮೇಲೆ ಉದ್ದದ ಟ್ಯೂಬ್‌ಲೈಟ್ ಇತ್ತು. ನಾನು ನೋಡಿದ್ದು ಬಣ್ಣವನ್ನಲ್ಲ, ಬಣ್ಣದೊಳಗೆ ಕಾಣುವ ಆ ಟ್ಯೂಬ್‌ಲೈಟನ್ನು. ಮುಂದಿನ ಬಾಗಿಲಲ್ಲಿ ಅದರ ಅಂಚು ಸಣ್ಣಗೆ ಅಲೆಅಲೆಯಾಗಿತ್ತು. ಹಿಂದಿನ ಬಾಗಿಲಲ್ಲಿ ಗೆರೆ ಎಳೆದ ಹಾಗೆ ನೇರ. ಭಾವನಿಗೆ ಹಿಂದಿನದೇ ಇಷ್ಟವಾಯಿತು. ನನಗೆ ಸಂಶಯ ಬಂದದ್ದೂ ಅದರ ಮೇಲೆಯೇ.

ಫ್ಯಾಕ್ಟರಿ ಪೇಂಟ್‌ನಲ್ಲಿ ಸ್ವಲ್ಪ ಆರೆಂಜ್ ಪೀಲ್, ಅಂದರೆ ಕಿತ್ತಳೆ ಸಿಪ್ಪೆಯಂಥ ಸಣ್ಣ ಅಲೆ, ಇದ್ದೇ ಇರುತ್ತದೆ. ಬರೀ ಹೊಳಪಿನ ಮೀಟರ್ ಇಟ್ಟರೆ ಎರಡೂ ಬಾಗಿಲಿಗೆ ಹತ್ತಿರ ಹತ್ತಿರ ಒಂದೇ ಅಂಕ ಬರಬಹುದು. ಅದಕ್ಕೇ ನಾವು ವೇವ್ ಸ್ಕ್ಯಾನ್ ಬಳಸುವುದು. ಅಂಗೈಯಗಲದ ಯಂತ್ರ ಅದು, ಬಾಡಿ ಮೇಲೆ 10 ಸೆಂಟಿಮೀಟರ್ ಉರುಳಿಸುತ್ತೇವೆ. ಲೇಸರ್ ಓರೆಯಾಗಿ ಬಿದ್ದು ಪ್ರತಿಫಲಿಸುವಾಗ ಬೆಳಕು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ಓದಿ, ಅಲೆಗಳನ್ನು ಉದ್ದದ ಪ್ರಕಾರ ಬೇರೆ ಮಾಡಿ ಕೊಡುತ್ತದೆ. 1.2ರಿಂದ 12 ಮಿಲಿಮೀಟರ್‌ವರೆಗಿನದು ಲಾಂಗ್ ವೇವ್, ದೂರದಿಂದ ಕಣ್ಣಿಗೆ ಬೀಳುವುದು ಇದು. 0.3ರಿಂದ 1.2ರದ್ದು ಶಾರ್ಟ್ ವೇವ್, ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ಬಾನೆಟ್ ಮಲಗಿರುತ್ತದೆ, ಹಸಿ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ತಾನಾಗಿ ಸಮವಾಗುತ್ತದೆ. ಬಾಗಿಲು ನಿಂತಿರುತ್ತದೆ, ಕೋಟ್ ಕೆಳಗೆ ಜಾರಲು ನೋಡುತ್ತದೆ. ಹಾಗಾಗಿ ಎರಡಕ್ಕೂ ಒಂದೇ ಗುರಿ ಇಡಲು ಆಗುವುದಿಲ್ಲ. ಆದರೆ ಪಕ್ಕಪಕ್ಕದ ಎರಡು ಬಾಗಿಲು ಒಂದೇ ಥರ ಇರಲೇಬೇಕು ಅಲ್ವಾ? ನನ್ನ ಮಟ್ಟಿಗೆ ಒಂದು ಬಾಗಿಲು ಎಷ್ಟು ನಯ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ.

ವೇವ್ ಸ್ಕ್ಯಾನ್ ಊರಿಗೆ ತರುವಂಥದ್ದಲ್ಲ. ಬ್ಯಾಗಿನಲ್ಲಿ ಪೇಂಟ್‌ನ ದಪ್ಪ ಅಳೆಯುವ ನನ್ನದೇ ಒಂದು ಸಣ್ಣ ಗೇಜ್ ಇತ್ತು. ಮುಂದಿನ ಬಾಗಿಲು 112, 115, 109 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು). ಹಿಂದಿನದು 240, ಒಂದು ಗೇಣು ಈಚೆಗೆ 310. ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದರೆ ಆ ಬಾಗಿಲ ಸಿಲ್ವರ್ ಒಂಚೂರು ಕಪ್ಪಾಗಿಯೂ ಕಂಡಿತು. ಸಿಲ್ವರ್ ಬಣ್ಣದೊಳಗಿನ ಅಲ್ಯೂಮಿನಿಯಂ ಚೂರುಗಳು ಮಲಗಿದ ರೀತಿ ಬೇರೆಯಾದರೆ ನೇರಕ್ಕೆ ಹೊಂದಿದ ಬಣ್ಣವೂ ಓರೆಗೆ ಹೊಂದುವುದಿಲ್ಲ. ಫ್ಯಾಕ್ಟರಿಯಲ್ಲಿ ಇಂಥ ಬಣ್ಣವನ್ನು 15 ಡಿಗ್ರಿಯಿಂದ 110ರವರೆಗೆ ಹಲವು ಕೋನಗಳಲ್ಲಿ ಅಳೆಯುವುದು ಇದಕ್ಕೇ.

ಮತ್ತೆ ಪೇಂಟ್ ಮಾಡಿ, ಉಜ್ಜಿ ಪಾಲಿಶ್ ಹೊಡೆದ ಬಾಗಿಲು ಅದು. ದಪ್ಪ ಪುಟ್ಟಿ ತುಂಬಿದ್ದರೆ ಅಂಕ ಇನ್ನೂ ಎಷ್ಟೋ ಮೇಲೆ ಹೋಗುತ್ತಿತ್ತು. ದೊಡ್ಡ ಪೆಟ್ಟಲ್ಲ, ಬೆಲೆ ಇಳಿಸಿದರೆ ತಗೋ ಅಂದೆ. ಇಳಿಸಿದರು, ತಗೊಂಡ.

"ಹಾಗಾದ್ರೆ ಮುಂದಿನದಕ್ಕೂ ಪಾಲಿಶ್ ಹೊಡೆಸಿ ಸಮ ಮಾಡ್ಲಾ?" ಅಂತ ಕೇಳಿದ. ಬೇಡವೇ ಬೇಡ ಅಂದೆ. ಆ 112ರಲ್ಲಿ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್ ಅಷ್ಟೇ. ಬಿಸಿಲು ತಡೆಯುವುದು ಅದೇ. ಉಜ್ಜಿ ತೆಗೆದರೆ ವಾಪಸ್ ಬರುವುದಿಲ್ಲ.