ಊಟಿ ರೈಲಿನಲ್ಲಿ ಉಗಿ ಎಂಜಿನ್ ನೋಡಬೇಕಾ? ಮೆಟ್ಟುಪಾಳ್ಯಂನಲ್ಲಿ ಹತ್ತಿ

ಊಟಿ ರೈಲು ಅಂದ್ರೆ ದಾರಿಯುದ್ದಕ್ಕೂ ಉಗಿ ಎಂಜಿನ್ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ನಾವೂ ಹಾಗೇ ಮೈಸೂರಿನಿಂದ ಬಸ್ಸಿನಲ್ಲಿ ಊಟಿಗೆ ಹೋಗಿ, ಅಲ್ಲಿಂದ ಕೂನೂರಿಗೆ ರೈಲು ಹತ್ತಿದ್ದೆವು. ಬಂದದ್ದು ಡೀಸೆಲ್ ಎಂಜಿನ್. ಮಗಳ ಮುಖ ಸಣ್ಣದಾಯಿತು. ಉಗಿ ಎಂಜಿನ್ ಎಳೆಯುವುದು, ಅಲ್ಲ, ತಳ್ಳುವುದು ಬೆಟ್ಟದ ಬುಡದ ಮೆಟ್ಟುಪಾಳ್ಯಂನಿಂದ ಕೂನೂರಿನ ತನಕ ಮಾತ್ರ.

ಹಾಗಾಗಿ ಈ ಸಲ ಹಿಂದಿನ ದಿನವೇ ಹೋಗಿ ಮೆಟ್ಟುಪಾಳ್ಯಂನಲ್ಲಿ ಉಳಿದೆವು. ಬೆಳಿಗ್ಗೆ 7.10ಕ್ಕೆ ರೈಲು. ಸೀಟು ತುಂಬಾ ಕಡಿಮೆ. ಬುಕಿಂಗ್ ತೆರೆದ ದಿನವೇ ಟಿಕೆಟ್ ಮಾಡಿಸಿಬಿಡಿ. ಬೋಗಿಯಲ್ಲಿ ಶೌಚಾಲಯ ಇಲ್ಲ, ಒಂದು ಬೋಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಇಲ್ಲ. ಮಕ್ಕಳಿದ್ದರೆ ಹತ್ತುವ ಮುಂಚೆಯೇ ನೋಡಿಕೊಳ್ಳಿ.

ಒಂದರ್ಧ ಗಂಟೆ ಮೊದಲೇ ಪ್ಲಾಟ್‌ಫಾರ್ಮ್‌ಗೆ ಬನ್ನಿ. ಎಂಜಿನ್ ಗುರುತು ಹಿಡಿಯಲು ಅದೇ ಒಳ್ಳೆಯ ಹೊತ್ತು. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ನಾವು ನೋಡುವ ಮೀಟರ್‌ಗೇಜ್ ಉಗಿ ಎಂಜಿನ್‌ಗಳಿಗೆ ಪಕ್ಕಕ್ಕೊಂದೇ ಸಿಲಿಂಡರ್, ಅಂದರೆ ಉಗಿ ನುಗ್ಗಿ ರಾಡ್ ತಳ್ಳುವ ದಪ್ಪ ಕೊಳವೆ. ಇಲ್ಲಿನ 'ಎಕ್ಸ್' ಕ್ಲಾಸ್ ಎಂಜಿನ್‌ಗೆ ಪಕ್ಕಕ್ಕೆ ಎರಡೆರಡು, ಒಂದರ ಮೇಲೊಂದು. ಕೆಳಗಿನದು ನಾಲ್ಕು ಜೋಡಿ ಗಾಲಿ ತಿರುಗಿಸುತ್ತದೆ. ಮೇಲಿನದು ಹಳಿಗಳ ನಡುವಿನ ಹಲ್ಲಿನ ಪಟ್ಟಿಯನ್ನು ಕಚ್ಚಿ ಹತ್ತುವ ಹಲ್ಲುಚಕ್ರಗಳಿಗೆ.

ಕಲ್ಲಾರ್ ಸ್ಟೇಷನ್ ತನಕ ಹೆಚ್ಚುಕಡಿಮೆ ಸಮತಟ್ಟು, ಕೆಳಗಿನ ಸಿಲಿಂಡರಿನದೇ ಕೆಲಸ. ಕಲ್ಲಾರ್ ದಾಟಿದ ಮೇಲೆ ಹಲ್ಲುಪಟ್ಟಿ ಶುರು. ಕೆಳಗೆ ಕೆಲಸ ಮುಗಿಸಿದ ಉಗಿಯೇ ಮೇಲಿನ ಸಿಲಿಂಡರಿಗೆ ಹೋಗುತ್ತದೆ. ಒಂದು ತಿರುವಿನಲ್ಲಿ ಕಿಟಕಿಯಿಂದ ಹಿಂದೆ ನೋಡಿದೆ. ಅಷ್ಟು ಹೊತ್ತು ಸುಮ್ನೆ ನಿಂತಿದ್ದ ಮೇಲಿನ ರಾಡ್ ಈಗ ಹೋಗಿ ಬಂದು ಮಾಡುತ್ತಿತ್ತು. ಸದ್ದೂ ಬೇರೆಯಾಗಿತ್ತು. ಇದನ್ನು ನೋಡಬೇಕಂದ್ರೆ ಎಂಜಿನ್‌ಗೆ ಹತ್ತಿರದ, ಅಂದರೆ ಕೊನೆಯ ಬೋಗಿಯೇ ಒಳ್ಳೆಯದು. ಎಲ್ಲರೂ ಮುಂದಿನ ಬೋಗಿಗೇ ಆಸೆಪಡುತ್ತಾರೆ, ನನಗೇನೋ ಹಿಂದಿನದೇ ಇಷ್ಟ.

ಬೋಗಿಗಳು ನೀಲಿ ಮತ್ತು ಕೆನೆ ಬಣ್ಣದವು. ಪ್ರತಿ ಬೋಗಿಯ ತುದಿಯ ಕಟ್ಟೆಯಲ್ಲಿ ಒಬ್ಬ ಬ್ರೇಕ್‌ಮ್ಯಾನ್ ನಿಂತಿರುತ್ತಾರೆ. ಎಂಜಿನ್‌ನ ಸಿಳ್ಳೆ ಕೇಳಿ ಅವರು ಕೈಯಲ್ಲೇ ಬ್ರೇಕ್ ತಿರುಗಿಸುತ್ತಾರೆ. ಅವರ ಕೈಯನ್ನು ಸ್ವಲ್ಪ ಹೊತ್ತು ನೋಡಿ. ಈ ಏರು 12 ಅಡಿಗೆ ಸುಮಾರು ಒಂದು ಅಡಿ, ಅವರನ್ನೇ ನಂಬಿ ನಾವು ಕೂತಿರುತ್ತೇವೆ, ಅಲ್ವಾ?

ದಾರಿಯ ನಡುವಿನ ಹಿಲ್‌ಗ್ರೋವ್ ಸ್ಟೇಷನ್‌ನಲ್ಲಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ. ನಮಗೂ ಚಹಾ ಸಿಗುತ್ತದೆ. ಮಂಗಗಳು ಜಾಸ್ತಿ, ತಿಂಡಿ ಪೊಟ್ಟಣ ಕೈಯಲ್ಲಿ ಹಿಡಿದು ಇಳಿಯಬೇಡಿ.

ಅಕ್ಟೋಬರ್–ನವೆಂಬರ್‌ನಲ್ಲಿ ಗುಡ್ಡ ಜರಿದು ರೈಲು ರದ್ದಾಗುವುದುಂಟು. ಆ ತಿಂಗಳು ಬೇಡ.

ಕೂನೂರಿನಲ್ಲಿ ಎಂಜಿನ್ ಬಿಚ್ಚಿ ಡೀಸೆಲ್ ಹಾಕುತ್ತಾರೆ. ಬೋಗಿಯಲ್ಲೇ ಕೂರಬೇಡಿ, ಇಳಿದು ಹಿಂದಕ್ಕೆ ನಡೆಯಿರಿ. ಎಂಜಿನ್ ಮೇಲೆ ತಯಾರಕರ ಫಲಕ ಹುಡುಕಿ. 'ವಿಂಟರ್‌ಥರ್' ಅಂತಿದ್ದರೆ ಅದು ಸ್ವಿಟ್ಜರ್‌ಲೆಂಡಿನ ಎಸ್‌ಎಲ್‌ಎಂ ಕಂಪನಿಯದು: 1914ರಿಂದ 1925ರೊಳಗೆ ಬಂದ ಹನ್ನೆರಡರಲ್ಲಿ ಒಂದು, ಇಲ್ಲವೇ 1952ರ ಐದರಲ್ಲಿ ಒಂದು. ಇತ್ತೀಚಿನ ಕೆಲವನ್ನು ತಿರುಚ್ಚಿಯ ಪೊನ್‌ಮಲೈ ವರ್ಕ್‌ಶಾಪ್‌ನಲ್ಲಿ ಹಳೆಯದರ ಅಚ್ಚಿನಲ್ಲೇ ಕಟ್ಟಿದ್ದಾರೆ. ದೂರದಿಂದ ನೋಡಿದರೆ ಎರಡೂ ಒಂದೇ. ಫಲಕ ಓದಿದರೇ ಗೊತ್ತಾಗುವುದು.