ಬಳೆ ಒರೆಸಿದ ಮೇಸ್ತ್ರಿ

ಸೋಮವಾರದಿಂದ ಕಣ್ಣ ಮುಂದೆ ಒಂದೇ ದೃಶ್ಯ. ನಮ್ಮ ಮೇಸ್ತ್ರಿ ಹೆಗಲ ಮೇಲಿನ ಟವೆಲ್ ತೆಗೆದು, ಸ್ಪ್ರೇಯರಿನ ನಾಸಲ್ (ನೀರು ಚಿಮ್ಮುವ ಮೂತಿ) ಬಾಯಲ್ಲಿರುವ ಪುಟ್ಟ ಲೋಹದ ಬಳೆಯನ್ನು ಒರೆಸುತ್ತಾರೆ.

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ನಾಲ್ಕೆಕರೆ ಅರೇಬಿಕಾ ಕಾಫಿ. ಮಳೆ ಹಿಡಿಯುವ ಮುಂಚೆ ತುಕ್ಕು ರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯಬೇಕು. ಹನಿಗೆ ವಿದ್ಯುತ್ ಚಾರ್ಜ್ ಕೊಟ್ಟು ಎಲೆಯ ಕಡೆಗೆ ಸೆಳೆಸುವ ಎಲೆಕ್ಟ್ರೋಸ್ಟಾಟಿಕ್ ಸ್ಪ್ರೇಯರ್ ತೋರಿಸುತ್ತೇನೆ ಅಂತ ಕಂಪನಿ ಹುಡುಗನೊಬ್ಬ ಬಂದಿದ್ದ. ಬರೀ ನೀರಲ್ಲಿ ಡೆಮೊ. ಎಲೆಯ ಅಡಿಗೆ ಹಳದಿ ಕಾಗದ ಸಿಕ್ಕಿಸಿದ. ನೀರು ತಾಗಿದ ಕಡೆ ಅದು ನೀಲಿಯಾಗುತ್ತದೆ. ಮೊದಲ ಗಿಡದಲ್ಲಿ ಕಾಗದದ ತುಂಬಾ ಸೂಜಿಮೊನೆಯಂಥ ಚುಕ್ಕಿಗಳು! ತುಕ್ಕು ರೋಗದ ಪುಡಿ ಏಳುವುದು ಎಲೆಯ ಅಡಿಯಲ್ಲೇ ಅಲ್ವಾ, ನನಗೆ ಆಸೆ ಹುಟ್ಟಿತು.

ಐದನೇ ಗಿಡಕ್ಕೆ ಬರುವಷ್ಟರಲ್ಲಿ ಕಾಗದ ಹಳದಿಯಾಗೇ ಉಳಿಯಿತು. ಹುಡುಗ ಬ್ಯಾಟರಿ ತಟ್ಟಿದ, ಕ್ಯಾಟಲಾಗ್ ತೆಗೆದ, ಯಾರಿಗೋ ಫೋನ್ ಮಾಡಿದ. ನಾಸಲ್ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಒಳ್ಳೆಯವನೇ, ಆದರೆ ಬಾಯಿ ಜಾಸ್ತಿ.

"ಬಳೆ ನೆಂದಿದೆ ಸಾರ್, ಆಫ್ ಮಾಡಿಸಿ," ಅಂದರು ಮೇಸ್ತ್ರಿ. ಒರೆಸಿದರು. ಹನಿ ಮತ್ತೆ ಎಲೆಯನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ ಕೂತಿತು.

ರಾತ್ರಿ ಕೂತು ಓದಿದೆ. ಆ ಬಳೆಯೇ ಎಲೆಕ್ಟ್ರೋಡ್. ಅದಕ್ಕೆ ಕೊಡುವ ವೋಲ್ಟೇಜಿನಿಂದ ಪಕ್ಕದಲ್ಲಿ ಹಾಯುವ ನೀರಿನ ಮೇಲೆ ವಿರುದ್ಧ ಚಾರ್ಜ್ ಸೇರುತ್ತದೆ. ನೀರಿನೊಳಗೆ ಒಂದೇ ಬಗೆಯ ಚಾರ್ಜುಗಳು ಒಂದನ್ನೊಂದು ದೂಡುವುದರಿಂದ ಹನಿ ಒಡೆಯುವುದು ಸುಲಭ. ಒಂದು ಹನಿ ಎಷ್ಟು ಚಾರ್ಜ್ ತಾಳುತ್ತದೆ ಅಂತ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1882ರಲ್ಲೇ ಲೆಕ್ಕ ಹಾಕಿದ್ದರು. ಬಳೆ ದೂರ ಇದ್ದರೆ ಚಾರ್ಜ್ ಸಾಲದು. ತೀರಾ ಹತ್ತಿರ ಇದ್ದರೆ ಹನಿ ಬಳೆಗೇ ಮೆತ್ತಿಕೊಂಡು ಕರೆಂಟ್ ಸೋರುತ್ತದೆ. ಎಲ್ಲ ಆಟವೂ ಕೆಲವೇ ಮಿಲಿಮೀಟರಿನದು. ಒಳ್ಳೆ ನಾಸಲ್‌ಗಳಲ್ಲಿ ಜೋರು ಗಾಳಿ ಊದಿ ಬಳೆಯನ್ನು ಒಣಗಿಸಿಡುತ್ತಾರೆ. ಹನಿ ಪುಡಿ ಮಾಡುವ ಕೆಲಸದಲ್ಲಿ ದೊಡ್ಡ ಪಾಲೂ ಆ ಗಾಳಿಯದೇ.

200 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಅಗಲದ ಒಂದು ಹನಿ ನೀರಲ್ಲಿ 50 ಮೈಕ್ರಾನಿನ ಹನಿ 64 ಆಗುತ್ತವೆ. ಅಷ್ಟೇ ನೀರಿಗೆ ಹೆಚ್ಚು ಎಲೆ. ಈ ಲೆಕ್ಕ ಮಾಡುವಾಗ ಅಪ್ಪ ನೆನಪಾದರು. ಎಲೆಯಿಂದ ತೊಟ್ಟಿಕ್ಕುವ ತನಕ ಹೊಡೆಸುತ್ತಿದ್ದರು. ತೊಟ್ಟಿಕ್ಕಿದರೇ ಅವರಿಗೆ ಸಮಾಧಾನ. ಸಂಜೆ ಅಂಗಿ, ಉಗುರು, ಬಚ್ಚಲ ಕಲ್ಲು ಎಲ್ಲ ನೀಲಿ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಷ್ಟು ವರ್ಷ ಗಿಡದ ಬುಡಕ್ಕೆ ಬಿದ್ದ ತಾಮ್ರ ಎಲ್ಲಿಗೂ ಹೋಗಿರಲ್ಲ, ಅದೇ ಮಣ್ಣಲ್ಲಿ ಕೂತಿರುತ್ತದೆ. ಅಪ್ಪನನ್ನು ದೂರುವುದಕ್ಕೂ ಮನಸ್ಸಿಲ್ಲ. ನಾನೂ ಹಾಗೇ ಹೊಡೆಸಿದವನೇ.

ಹೊರಡುವಾಗ ಹುಡುಗನನ್ನು ಕೇಳಿದ್ದೆ, ಇದಕ್ಕೆ ಬೋರ್ಡೋ ಹಾಕಬಹುದಾ ಅಂತ. "ಆರಾಮಾಗಿ ಹಾಕಿ ಸರ್" ಅಂದ. ಮೇಸ್ತ್ರಿ ನಕ್ಕರು.

"ನೀರಿಗೇ ಹೀಗೆ. ಸುಣ್ಣ ಹತ್ತಿದರೆ ಗಿಡಕ್ಕೊಂದು ಸಲ ಒರೆಸೋದು ಯಾರು ಸಾರ್, ನಾನಾ?"

ಡ್ರಮ್ಮಲ್ಲಿ ಮೈಲುತುತ್ತ ನೆನೆಹಾಕಿದ್ದೇವೆ. ನಾಳೆ ಹಳೇ ಪಂಪೇ.